ಹೊಕ್ಕುಳಿರುವ ಆನೆ

ನಮ್ಮ ಯಜಮಾನರಿಗೂ ಎದುರುಮನೆ ಆಫ್ತಾಬಣ್ಣನಿಗೂ ಮಾತು ಬಿಟ್ಟುಹೋದಾಗ ಮೊದಲು ನಾನು ನಕ್ಕಿದ್ದೆ. ಅರವತ್ತರ ಅಂಚಿಗೆ ಬಂದ ಇಬ್ಬರು ಗಂಡಸರು, ಒಂದೇ ಸ್ಲೇಟನ್ನು ಉಗುಳು ಹಚ್ಚಿ ಒರೆಸಿ ಅಕ್ಷರ ಕಲಿತವರು, ಎಷ್ಟು ದಿನ ಮೂತಿ ತಿರುಗಿಸಿಕೊಂಡು ಕೂತಾರು? ಹೆಚ್ಚೆಂದರೆ ಮುಂದಿನ ಸಂತೆಯವರೆಗೆ ಅಂದುಕೊಂಡೆ. ದೀಪಾವಳಿ ಬಂತು, ರಂಜಾನ್ ಬಂತು, ಮತ್ತೊಂದು ದೀಪಾವಳಿಯೂ ಬಂದುಹೋಯಿತು. ಅಷ್ಟರಲ್ಲಿ ನನ್ನ ನಗು ನಿಂತು ಸಂಕಟ ಶುರುವಾಗಿತ್ತು.

ನಮ್ಮದು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಬೀದಿ. ನಮ್ಮ ಮನೆಯಲ್ಲಿ ಮರ ಕಡೆಯುವ ಕೆಲಸ, ಎದುರುಮನೆಯಲ್ಲಿ ಅರಗು ಹತ್ತಿಸುವ ಕೆಲಸ. ನಮ್ಮವರು, ಅಂದರೆ ವೃಷಭೇಂದ್ರಪ್ಪನವರು, ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದರೆ ಆನೆಯೋ ಗಿಲಕಿಯೋ ಬೆಳ್ಳಗೆ ಹೊರಗೆ ಬರುತ್ತದೆ. ಅದು ಬೀದಿ ದಾಟಿ ಆಫ್ತಾಬಣ್ಣನ ಕೈಗೆ ಹೋಗಬೇಕು. ಅವನು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಬಣ್ಣ ಕರಗಿಸಿ, ಕೇದಗೆ ಗರಿಯಿಂದ ತೀಡಿ ಹೊಳಪು ತರುತ್ತಾನೆ. ಅವನ ಕೆಂಪು ಇನ್ನೊಬ್ಬರಿಗೆ ಬರುವುದಿಲ್ಲ, ಅದನ್ನು ಅವನ ಹಗೆಗಳೂ ಒಪ್ಪುತ್ತಾರೆ. ಮರದಲ್ಲಿ ಗಂಟೋ ಹುಳು ಕೊರೆದ ತೂತೋ ಇದ್ದು ಕಡೆದವನ ಕಣ್ಣು ತಪ್ಪಿದ್ದರೆ, ಅರಗಿನವನು ಅದನ್ನು ಮರದ ಪುಡಿಯಿಂದ ತುಂಬಿ, ಮೇಲೆ ಬಣ್ಣ ಕೂರಿಸಿ ಸುಮ್ಮನಾಗುತ್ತಾನೆ. ಕಡೆದವನಿಗೂ ಹೇಳುವುದಿಲ್ಲ. ಹೇಳಿದರೆ ಹಂಗಿಸಿದಂತಾಗುತ್ತದೆ. ನಮ್ಮ ಬೀದಿಯಲ್ಲಿ ಅದು ನಡೆದುಕೊಂಡು ಬಂದ ಮರ್ಯಾದೆ.

ಹೊಸ ಮಾದರಿಗೂ ಒಂದು ಕ್ರಮವಿತ್ತು. ಮಾಡಿದವರು ಮೊದಲ ಬೊಂಬೆಯನ್ನು ಜಗಲಿಯ ಗೂಟಕ್ಕೆ ನೇತುಹಾಕಬೇಕು. ಯಾರು ಬೇಕಾದರೂ ಬಂದು ಅಳತೆ ತೆಗೆದುಕೊಂಡು ಹೋಗಬಹುದು. ಆಮೇಲೆ ತಾವು ಮಾಡಿದ್ದನ್ನು ತಂದು ತೋರಿಸಿ, ಒಂದು ಲೋಟ ಟೀ ಕುಡಿದು ಹೋದರೆ ಲೆಕ್ಕ ಚುಕ್ತಾ. ಸೊಂಡಿಲು ಮೇಲೆತ್ತಿದ ಗುಂಡು ಹೊಟ್ಟೆಯ ಆನೆಯನ್ನು ಹಾಗೆ ನೇತುಹಾಕಿದವರು ಆಫ್ತಾಬಣ್ಣನ ಅಪ್ಪ. ಈಗ ಬೀದಿಯ ಯಾವ ಮನೆಗೆ ಹೋದರೂ ಅದೇ ಆನೆ ಸೊಂಡಿಲೆತ್ತಿ ನಿಂತಿರುತ್ತದೆ.

ಜಗಳ ಬಂದದ್ದೂ ಅದರಿಂದಲೇ. ಒಬ್ಬ ವ್ಯಾಪಾರಿ ಬೆಂಗಳೂರಿನಿಂದ ಬಂದು, ಚೀನಾದವರು ಈ ಆನೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ ನಿಮ್ಮ ಅಂಗಡಿಗೇ ತಂದು ಸುರಿಯುತ್ತಾರೆ, ಬೇಗ ನಿಮ್ಮ ಹೆಸರಿಗೆ ರಿಜಿಸ್ಟರ್ ಮಾಡಿಸಿಬಿಡಿ ಎಂದು ಹೆದರಿಸಿದ. ಟಿ.ವಿ.ಯಲ್ಲಿ ಆ ದೇಶ ಈ ದೇಶಕ್ಕೆ ಸುಂಕ ಹಾಕಿತು, ಈ ದೇಶ ಆ ದೇಶಕ್ಕೆ ಸಾಮಾನು ನಿಲ್ಲಿಸಿತು ಎನ್ನುವುದನ್ನು ನೋಡಿ ನೋಡಿ ನಮ್ಮವರು ಮೊದಲೇ ಅರ್ಧ ಹೆದರಿದ್ದರು. ಹಿಂದೆ ಮುಂದೆ ನೋಡದೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿಸಿಬಿಟ್ಟರು. ಎದುರುಮನೆಗೆ ಒಂದು ಮಾತು ಹೇಳಲಿಲ್ಲ. ವಿಷಯ ತಿಳಿದ ದಿನ ಆಫ್ತಾಬಣ್ಣ ಬಂದು ನಮ್ಮ ಜಗಲಿ ಮುಂದೆ ನಿಂತ. ವೃಷಭೇಂದ್ರಪ್ಪ ಎಂಬ ಉದ್ದ ಹೆಸರು ಅವನ ಬಾಯಿಗೆ ಎಂದೂ ಹತ್ತಿಲ್ಲ, ಚಿಕ್ಕಂದಿನಿಂದ ಬಸವ ಅಂತಲೇ ಕರೆಯುವುದು.

"ಚೀನಾದೋರು ಕದೀತಾರೆ ಅಂತ ನೀನೇ ಮೊದ್ಲು ಕದ್ಬುಟ್ಯೇನ್ಲಾ ಬಸವ?" ಎಂದ.

"ಬೀದಿಗೋಸ್ಕರ ಮಾಡ್ದೆ ಕಣ್ಲಾ," ಅಂದರು ನಮ್ಮವರು. ತಪ್ಪಾಯಿತು ಎನ್ನುವ ಮಾತು ಗಂಟಲಿನವರೆಗೆ ಬಂದು ವಾಪಸ್ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಇವರ ಗಂಟಲು ಅಂಥದ್ದು.

ಆ ಕಡೆಯಿಂದ ಅರಗು ನಿಂತಿತು, ಈ ಕಡೆಯಿಂದ ಮರ ನಿಂತಿತು. ಎಲ್ಲಕ್ಕಿಂತ ನನಗೆ ಸಂಕಟವಾದದ್ದು ಇನ್ನೊಂದಕ್ಕೆ. ಸಂಜೆ ಲೇತು ನಿಲ್ಲಿಸಿ ಕೈ ತೊಳೆದು ಜಗಲಿಗೆ ಬಂದರೆಂದರೆ, "ಬಾರ್ಲಾ ಆಫ್ತಾಬ್" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಟೀಗೆ ಕರೆಯುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ನಾನು ಆ ಕೂಗಿಗೇ ಟೀಗೆ ನೀರಿಟ್ಟವಳು. ಅದು ನಿಂತುಹೋಯಿತು. ಕೆಲವು ತಿಂಗಳಿಗೆ ಅರ್ಜಿಯೂ ವಾಪಸ್ ಬಂತು. ಇದು ಹಳೆಯ ಮಾದರಿ, ಎಲ್ಲರಿಗೂ ಗೊತ್ತಿರುವಂಥದ್ದು, ಒಬ್ಬರ ಹೆಸರಿಗೆ ಬರೆದುಕೊಡಲಾಗದು ಎಂದಿದ್ದರು. ಯಾರದ್ದೂ ಅಲ್ಲದ ಆನೆಗೆ ಹೊಡೆದಾಡಿದ್ದಾಯಿತು. ಅಷ್ಟನ್ನು ಹೋಗಿ ಹೇಳಿಬಿಡಿ ಎಂದರೆ ಇವರಿಗೆ ಬೀದಿಯ ಅಗಲವೇ ಹೆಚ್ಚಾಗಿ ಕಂಡಿತು.

ಗಂಡಸರ ಜಗಳಕ್ಕೆ ನಾವು ಹೆಂಗಸರು ಸಹಿ ಹಾಕಿರಲಿಲ್ಲ. ಹೊಂಗನೂರಿನಿಂದ ಬಸ್ಸಿನಲ್ಲಿ ಸೊಪ್ಪು ತರುವ ಮಾಯಮ್ಮ ಎರಡೂ ಮನೆಯ ಬಾಗಿಲಿಗೆ ಹೋಗುತ್ತಾಳೆ. ಅವಳ ಕುಕ್ಕೆಯಲ್ಲಿ ದಂಟಿನ ಸೊಪ್ಪಿನ ಕೆಳಗೆ ನನ್ನ ಒಬ್ಬಟ್ಟು ಆ ಕಡೆಗೆ ಹೋಗುತ್ತಿತ್ತು, ಆಫ್ತಾಬಣ್ಣನ ಹೆಂಡತಿ ಬಿಸ್ಮಿಲ್ಲಾ ಮಾಡಿದ ಶಾವಿಗೆ ಪಾಯಸ ಈ ಕಡೆಗೆ ಬರುತ್ತಿತ್ತು. ನಮ್ಮವರು ಆ ಪಾಯಸವನ್ನು ಲೋಟ ಬಳಿದು ತಿಂದು, "ಒಸಿ ಏಲಕ್ಕಿ ಜಾಸ್ತಿ ಆಗೈತೆ," ಎಂದು ನನಗೆ ಹೇಳುತ್ತಿದ್ದರು. ಅದು ನಾನು ಮಾಡಿದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದೆ ಎನ್ನುವುದು ನನಗೂ ಗೊತ್ತಿತ್ತು.

ಮಾಯಮ್ಮನಿಗೆ ಸ್ವಿಟ್ಜರ್ಲೆಂಡ್ ಎಂದು ಹೆಸರು ಬಿದ್ದದ್ದು ನನ್ನ ಸೊಸೆ ಶ್ರುತಿಯಿಂದ. ಮಗ ವೀರೇಂದ್ರ ಕನಕಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಸೊಸೆ ಮಾಗಡಿಯ ಹುಡುಗಿ, ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಚಿಪ್ ವಿನ್ಯಾಸದ ಕೆಲಸ ಮಾಡಿ ಸಂಜೆ ರೈಲಿಗೆ ಬರುತ್ತಾಳೆ. ಬಂದವಳು ನನ್ನ ಪಕ್ಕ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಾ ಆಫೀಸಿನ ಗೋಳು ಹೇಳಿಕೊಳ್ಳುತ್ತಾಳೆ. ಅರ್ಧ ಅರ್ಥವಾಗದಿದ್ದರೂ ನನಗೆ ಆ ಹೊತ್ತು ಇಷ್ಟ. ಒಂದು ಸಂಜೆ ಅವಳ ಮುಖ ಬಾಡಿತ್ತು.

"ಅತ್ತೆ, ಚಿಪ್‌ಗೆ ಕೆಲಸ ಹೇಳೋಕೆ ಅಂತ ಒಂದಷ್ಟು ಅಪ್ಪಣೆಗಳಿರ್ತವೆ. ಕೂಡು, ಕಳಿ, ಇದನ್ನ ಅಲ್ಲಿಡು ಅಂತ. ಆ ಅಪ್ಪಣೆಗಳೇ ದೊಡ್ಡ ಕಂಪನಿಗಳ ಸ್ವತ್ತು. ನಾವು ಅದನ್ನ ಬಳಸ್ಬೇಕಂದ್ರೆ ಅವ್ರ ಲೈಸೆನ್ಸ್ ಬೇಕು."

"ಕೊಡ್ಲಿಲ್ವಾ?"

"ಕೊಡ್ತಿದ್ರು. ಈಗ ಅವ್ರ ದೇಶಕ್ಕೂ ಇನ್ನೊಂದು ದೇಶಕ್ಕೂ ಜಗಳ. ನಮ್ಮ ಗಿರಾಕಿ ಒಬ್ರು ಆ ಇನ್ನೊಂದು ದೇಶದಲ್ಲಿದ್ದಾರೆ. ಅದಕ್ಕೆ ನಮ್ಮ ಹೊಸ ಚಿಪ್‌ಗೆ ಸಹಿ ಹಾಕದೆ ಕೂತವ್ರೆ."

ಯಾರದೋ ಜಗಳಕ್ಕೆ ಮಗುವಿನ ಮುಖ ಬಾಡಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. "ಹಂಗಾದ್ರೆ ಏನ್ಮಾಡ್ತೀರಿ?" ಎಂದೆ.

"ಇನ್ನೊಂದು ದಾರಿ ಇದೆ ಅತ್ತೆ. ರಿಸ್ಕ್ ಫೈವ್ ಅಂತ. ಅದೂ ಇಂಥದೇ ಅಪ್ಪಣೆಗಳ ಕಟ್ಟು, ಆದ್ರೆ ತೆರೆದಿಟ್ಟಿರೋದು. ಯಾರನ್ನೂ ಕೇಳ್ಬೇಕಾಗಿಲ್ಲ, ತಗೊಂಡು ನಮ್ಮ ಚಿಪ್ ನಾವು ಮಾಡ್ಕೋಬೋದು. ಅದನ್ನ ನೋಡ್ಕೊಳ್ಳೋ ಸಂಘ ಯಾರ ಜಗಳಾನೂ ಬೇಡ ಅಂತ ಸ್ವಿಟ್ಜರ್ಲೆಂಡಿಗೆ ಹೋಗಿ ಕೂತಿದೆ."

"ಅಂದ್ರೆ ಜಗಲಿ ಗೂಟಕ್ಕೆ ನೇತಾಕಿರೋ ಆನೆ," ಎಂದೆ.

ಶ್ರುತಿ ನಾರು ತೆಗೆಯುವುದನ್ನು ನಿಲ್ಲಿಸಿ ನಕ್ಕಳು. "ಹೂಂ ಅತ್ತೆ. ಅದೇ. ಮತ್ತೆ ನಮ್ಮ ಬೀದಿ ಸ್ವಿಟ್ಜರ್ಲೆಂಡ್ ನಮ್ಮ ಮಾಯಮ್ಮ." ಮರುದಿನ ಮಾಯಮ್ಮನಿಗೆ ಹೇಳಿದರೆ, "ಅದ್ಯಾವೂರವ್ವ, ದೊಡ್ಡಮಳೂರಿಂದ ಆಚ್ಗಾ?" ಎಂದಳು. ತಣ್ಣಗಿರೋ ಊರು ಕಣವ್ವ, ನಿನ್ನಂಗೆ ಎಂದು ಹೇಳಿ ಕುಕ್ಕೆಗೆ ಕೋಡುಬಳೆ ತುಂಬಿದೆ.

ಆ ತೆರೆದ ವಿನ್ಯಾಸದಲ್ಲಿ ಶ್ರುತಿಯ ತಂಡ ಕಷ್ಟಪಟ್ಟು ತನ್ನ ಮೊದಲ ಚಿಪ್ ಮಾಡಿತು. ಕಡಲೆಬೇಳೆಯಷ್ಟು ಇರುವ ಅದಕ್ಕೆ ಒಂದು ಕರೆ ಕಲಿಸಿಕೊಟ್ಟರೆ, ಇಂಟರ್‌ನೆಟ್ ಇಲ್ಲದೆ, ತನ್ನಷ್ಟಕ್ಕೆ ತಾನೇ ಆ ಕರೆಯನ್ನು ಗುರುತು ಹಿಡಿಯುತ್ತದಂತೆ. ಬೆಂಗಳೂರಿನಲ್ಲಿ ಒಂದು ಪ್ರದರ್ಶನ. ಪರಸ್ಪರ ಮುಖ ನೋಡದ ದೇಶಗಳವರೂ ಅಲ್ಲಿಗೆ ಬರುತ್ತಾರೆ. ಅವರ ಮುಂದೆ ಚಿಪ್ಪನ್ನು ಹೇಗೆ ತೋರಿಸುವುದು ಎಂದು ಮೀಟಿಂಗಿನಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುವಾಗ ಇವಳು, "ನಮ್ಮ ಮಾವ ಆನೆ ಮಾಡ್ತಾರೆ," ಎಂದುಬಿಟ್ಟಳಂತೆ.

ನಮ್ಮವರು ಕೇಳಿ, "ಮಾಡಾನ ಬುಡು," ಎಂದು ಬೀಡಿಗೆ ಬೆಂಕಿ ಹುಡುಕುವವರಂತೆ ಆಚೆ ಎದ್ದುಹೋದರು. ಬೀಡಿ ಬಿಟ್ಟು ವರ್ಷಗಳಾಗಿವೆ. ಹಿತ್ತಲಲ್ಲಿ ನಿಂತು ಒಬ್ಬರೇ ನಗುತ್ತಿದ್ದರು.

ಆ ಆನೆಯನ್ನು ಅವರು ಕಡೆದ ರೀತಿ ಬೇರೆಯೇ. ಊಟಕ್ಕೆ ಕರೆದರೂ ಉಳಿ ಕೆಳಗಿಡಲಿಲ್ಲ. ಗುಂಡು ಹೊಟ್ಟೆಯನ್ನು ಒಳಗೆ ಟೊಳ್ಳು ಮಾಡಿ, ಶ್ರುತಿ ಕೊಟ್ಟ, ಚಿಪ್ ಕೂರಿಸಿದ ಪುಟ್ಟ ಬೋರ್ಡನ್ನು ಬ್ಯಾಟರಿ ಸಮೇತ ಹತ್ತಿ ಸುತ್ತಿ ಬಿಗಿಯಾಗಿ ಕೂರಿಸಿ, ಮೇಲೆ ತಲೆ ಅಂಟಿಸಿದರು. ಕಣ್ಣಿನ ಜಾಗದಲ್ಲಿ, ಕರೆ ಕೇಳಿದರೆ ಹೊತ್ತಿಕೊಳ್ಳುವ ಎರಡು ಸಣ್ಣ ದೀಪ. ಆನೆಗೆ ಕಲಿಸುವ ಕೊನೆಯ ಪಾಠ ಇನ್ನೂ ತಯಾರಾಗಿರಲಿಲ್ಲ, ಪ್ರದರ್ಶನದ ಹಿಂದಿನ ದಿನ ವೈರು ಚುಚ್ಚಿ ಅದನ್ನು ಒಳಗೆ ಇಳಿಸಬೇಕಿತ್ತು. ಅದಕ್ಕಾಗಿ ಹೊಟ್ಟೆಯ ಅಡಿಯಲ್ಲಿ ಕಿರುಬೆರಳು ಹಿಡಿಸುವಷ್ಟು ತೂತು ಬಿಟ್ಟರು.

ಬಿಳಿ ಆನೆ ಸಿದ್ಧವಾಯಿತು. ಇನ್ನು ಬಣ್ಣ. ಜಗಳವಾದಾಗಿನಿಂದ ಬೇರೆ ಕಡೆಯಿಂದ ತರಿಸುತ್ತಿದ್ದ ಅರಗನ್ನು ಒಂದು ಚೂರು ಮರಕ್ಕೆ ಹತ್ತಿಸಿ ನೋಡಿದರು. ಹಳೆ ಇಟ್ಟಿಗೆ ಬಣ್ಣ ಬಂತು. ಚೂರನ್ನು ಮೂಲೆಗೆ ಎಸೆದು, "ಇದು ಆಗಕಿಲ್ಲ," ಎಂದರು. ಎಂದವರು ಎದುರುಮನೆಯ ಬಾಗಿಲನ್ನೇ ನೋಡುತ್ತಾ ನಿಂತರು.

"ಹೋಗಿ ಕೇಳ್ರಿ. ನಾಲ್ಕು ಹೆಜ್ಜೆ ಐತೆ," ಎಂದೆ.

"ನಾನಾ? ಅವನೇ ಬರ್ಲಿ."

"ಅವ್ರಿಗೇನು ಕನಸು ಬಿದ್ದದಾ?"

ನಾನು ಆನೆಯನ್ನು ಎತ್ತಿಕೊಂಡು ಮಾಯಮ್ಮನ ಕುಕ್ಕೆಗೆ ಇಡಲು ಹೊರಟೆ. ನೋಡಿಯೂ ನೋಡದವರಂತೆ ಒಳಗೆ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು, "ಸೊಪ್ಪಿನ್ ನೀರು ತಾಗ್ದಂಗೆ ಬಟ್ಟೆ ಸುತ್ತು," ಎಂದರು.

"ಹೊರದೇಶದೋರು ನೋಡೋದು, ಒಳ್ಗೆ ಬೋರ್ಡು ಐತೆ, ಹುಷಾರು ಅಂತ ಹೇಳಿ ಕಳಿಸ್ತೀನಿ. ಇನ್ನೇನಾದ್ರೂ ಹೇಳ್ಬೇಕಾ?" ಎಂದೆ.

"ಕಸುಬುದಾರನಿಗೆ ಇನ್ನೇನ್ ಹೇಳೋದು?" ಎಂದರು. ಆ ಧ್ವನಿಯಲ್ಲಿ ಬಿಗುಮಾನ ಎಷ್ಟು, ಭರವಸೆ ಎಷ್ಟು ಎಂದು ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಆಫ್ತಾಬಣ್ಣನ ಮಗಳು ನೂರೀನ್ ಊರಲ್ಲಿದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಅವಳು ಶ್ರುತಿಯ ಗೆಳತಿ, ತೂತಿನ ವಿಷಯವೆಲ್ಲ ಅವಳಿಗೆ ಗೊತ್ತಿತ್ತು. ಆ ವಾರ ಅವಳು ಯಾವುದೋ ಮದುವೆಗೆಂದು ರಾಮನಗರಕ್ಕೆ ಹೋಗಿದ್ದಳು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಆನೆ ಕುಕ್ಕೆಯಲ್ಲಿ ವಾಪಸ್ ಬಂತು. ಬಟ್ಟೆ ಬಿಚ್ಚಿದ ನಾನು "ಅಯ್ಯೋ" ಎಂದೆ, ಅಷ್ಟು ಚೆಂದವಿತ್ತು. ಮಾಗಿದ ಮೆಣಸಿನಕಾಯಿಯ ಕೆಂಪು, ಕಿವಿಯ ಅಂಚಿಗೆ ಹಳದಿ ಗೆರೆ. ನನ್ನ ಮುಖ ಅದರ ಬೆನ್ನಲ್ಲಿ ಕಾಣುತ್ತಿತ್ತು. ನಮ್ಮವರು ದೂರದಿಂದಲೇ ನೋಡಿ, "ಪರ್ವಾಗಿಲ್ಲ," ಎಂದು ಲೇತಿನ ಕಡೆ ತಿರುಗಿದರು. ಎರಡು ವರ್ಷದಿಂದ ಅವರು ಯಾವ ಬಣ್ಣಕ್ಕೂ ಪರವಾಗಿಲ್ಲ ಎಂದಿರಲಿಲ್ಲ.

ಶ್ರುತಿ ಅಂದು ಆಫೀಸು ಬಿಡುವ ಹೊತ್ತಿಗೂ ಮುಂಚೆ ಬಂದಳು, ಲ್ಯಾಪ್‌ಟಾಪು ವೈರು ಎಲ್ಲ ಹಿಡಿದು. ಆನೆಯನ್ನು ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡು ಹೊಟ್ಟೆ ಮೇಲೆ ಮಾಡಿದಳು. ಬೆರಳಾಡಿಸಿದಳು. ಬೆಳಕಿಗೆ ಹಿಡಿದಳು. ಮತ್ತೆ ಬೆರಳಾಡಿಸಿದಳು.

"ಅತ್ತೆ, ತೂತು ಎಲ್ಲಿ?"

ನಾನೂ ನೋಡಿದೆ. ತೂತು ಇರಲಿಲ್ಲ. ಇತ್ತು ಎನ್ನುವ ಗುರುತೂ ಇರಲಿಲ್ಲ. ತಲೆಯಿಂದ ಬಾಲದವರೆಗೆ ಒಂದೇ ನುಣುಪು.

ಶ್ರುತಿ ಅಲ್ಲೇ ನೆಲದ ಮೇಲೆ ಕುಸಿದಳು. "ಇಂಥ ಬೋರ್ಡ್ ಇರೋದು ಇದೊಂದೇ ಅತ್ತೆ. ನಾಳೆ ಎಲ್ಲರ ಮುಂದೆ ಕರೆದ್ರೆ ಇದು ಸುಮ್ನೆ ಕೂತಿರುತ್ತೆ. ತೆರೆದ ಚಿಪ್ಪು ಅಂತ ಹೇಳ್ಕೊಂಡು ಮುಚ್ಚಿದ ಆನೆ ಹಿಡ್ಕೊಂಡು ಹೋಗ್ಲಾ ನಾನು?" ಎಂದವಳ ಕಣ್ಣಲ್ಲಿ ನೀರು.

ನನಗೆ ಸಿಟ್ಟು ನೆತ್ತಿಗೇರಿತು. "ಬೇಕು ಅಂತ್ಲೇ ಮಾಡವ್ನೆ! ಇಷ್ಟು ದಿನ ಸೇಡು ಇಟ್ಕಂಡಿದ್ದು ಮಗು ಮೇಲೆ ತೀರಿಸ್ಕಂಡ. ನಾನೇ ಕೈಯಾರೆ ಕಳಿಸ್ದೆ, ನನ್ ಬುದ್ಧಿಗಿಷ್ಟು!" ಎಂದು ಎದುರುಮನೆಗೆ ಕೇಳಲಿ ಎಂದೇ ಕೂಗಿದೆ.

ನಮ್ಮವರು ಬಂದು ಆನೆಯನ್ನು ಕೈಗೆ ತೆಗೆದುಕೊಂಡರು. ಹೊಟ್ಟೆಯ ಅಡಿ ಹೆಬ್ಬೆರಳು ಇಟ್ಟು ನಿಧಾನಕ್ಕೆ ಸವರಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿಯೇ ಇಟ್ಟುಕೊಂಡು ಜಗಲಿಯ ಅಂಚಿಗೆ ಕೂತರು.

"ಅವ್ನು ಮುಚ್ಚವ್ನೆ ಮಂಗಳಾ."

"ಅದೇ ಅಲ್ವಾ ನಾನೂ ಬಡ್ಕತಾ ಇರೋದು!"

"ಅಲ್ಲ ಕಣೇ. ನನ್ ಕೈತಪ್ಪು ಅನ್ಕಂಡು ಮುಚ್ಚವ್ನೆ. ಹೊರದೇಶದೋರು ನೋಡೋ ಬೊಂಬೆ, ಅವ್ರ ಮುಂದೆ ನನ್ ಮಾನ ಹೋಗ್ಬಾರ್ದು ಅಂತ."

ಆಗ ನನಗೂ ಹೊಳೆಯಿತು. ಸೇಡು ಬೇಕಾಗಿದ್ದರೆ ಅವನು ಏನೂ ಮಾಡಬೇಕಾಗಿರಲಿಲ್ಲ. ಹಾಗೇ ಬಣ್ಣ ಬಳಿದು ಕಳಿಸಿದ್ದರೆ ಸಾಕಿತ್ತು, ತೂತಿನ ಆನೆ ಮಾಡಿದವನು ವೃಷಭೇಂದ್ರಪ್ಪ ಎಂದು ಲೋಕವೇ ನೋಡುತ್ತಿತ್ತು. ಮಾತಿಲ್ಲದ, ಕತೆಯಿಲ್ಲದ ಈ ಎರಡು ವರ್ಷದ ನಡುವೆಯೂ ಅವನು ಕೂತು, ಪುಡಿ ಅರೆದು ತುಂಬಿ, ತೀಡಿ, ಬಣ್ಣದ ಮೇಲೆ ಬಣ್ಣ ಕೂರಿಸಿದ್ದ. ಸಿಟ್ಟಿನ ಕೈ ಇಷ್ಟು ನಯವಾಗಿ ಓಡುವುದಿಲ್ಲ. ನಮ್ಮವರ ಕಣ್ಣು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ. ಆನೆಯನ್ನು ಎದೆಗೆ ಒತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಇಳಿದರು. ನಾನೂ ಶ್ರುತಿಯೂ ಹಿಂದೆ ಓಡಿದೆವು.

ಆಫ್ತಾಬಣ್ಣ ಅರಗಿನ ಕಡ್ಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಾ ಕೂತಿದ್ದ. ಬಾಗಿಲಲ್ಲಿ ನಿಂತವರನ್ನು ನೋಡಿ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟ.

"ಲೇ ಆಫ್ತಾಬ್. ಇದ್ರ ಹೊಟ್ಟೇಲಿ ಒಂದು ತೂತು ಇತ್ತಲ್ಲ," ಎಂದರು ನಮ್ಮವರು. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ಬೇರೆ ಯಾರಾದರೂ ಆಗಿದ್ದರೆ ಮೊದಲು ಕುಶಲ ಕೇಳುತ್ತಿದ್ದರು.

"ಯಾವ ತೂತು?" ಎಂದ ಆಫ್ತಾಬಣ್ಣ, ಕಣ್ಣು ಮಿಟುಕಿಸದೆ. "ನೀನು ಕಡೆದಿದ್ರಲ್ಲಿ ತೂತು ಎಲ್ಲಿಂದ ಬಂದಾತು? ನಾನ್ ಯಾವ ತೂತೂ ಕಾಣ್ಲಿಲ್ಲ."

"ನಾನೇ ಮಾಡಿದ್ದು ಕಣ್ಲಾ. ಬೇಕು ಅಂತ್ಲೇ. ವೈರು ಹಾಕಕ್ಕೆ."

"ವೈರಾ?"

"ಹೂಂ ಕಣ್ಲಾ. ಅದು ಬಾಗ್ಲು."

ಆಫ್ತಾಬಣ್ಣ ನಮ್ಮವರ ಮುಖ ನೋಡಿದ, ಆನೆಯನ್ನು ನೋಡಿದ, ಶ್ರುತಿಯ ಕೈಯಲ್ಲಿದ್ದ ವೈರು ನೋಡಿದ. ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತ. "ಯಾ ಅಲ್ಲಾ. ನಿನ್ ಕಣ್ಣು ಹೋಗೈತೆ ಅನ್ಕಂಡೆ ನಾನು! ಇಷ್ಟು ದೊಡ್ಡ ತೂತು ಕಾಣ್ದೆ ಕಳಿಸವ್ನೆ ಅಂದ್ರೆ ಪೊರೆ ಬಂದದೆ ಅಂತ."

ಒಳಗಿನಿಂದ ಬಿಸ್ಮಿಲ್ಲಾ ಸೆರಗು ಸರಿಮಾಡಿಕೊಳ್ಳುತ್ತಾ ಬಂದಳು. "ನನ್ ಪ್ರಾಣ ತಿಂದ್ಬುಟ್ರು ಮಂಗಳಕ್ಕ. ಬಸವನ್ನ ಕಣ್ಣಿನ ಡಾಕ್ಟ್ರತ್ರ ಕರ್ಕಂಡೋಗಕ್ಕೆ ಮಂಗಳಕ್ಕಂಗೆ ಹೇಳು, ನಾನ್ ಹೇಳ್ದೆ ಅಂತ ಮಾತ್ರ ಹೇಳ್ಬೇಡ ಅಂತ. ಮಾಯಮ್ಮನ ಕೈಲಿ ಇವತ್ತೇ ಹೇಳಿ ಕಳಿಸೋಳಿದ್ದೆ."

ನಮ್ಮವರು ಹೊಸ್ತಿಲು ದಾಟಿ ಅವನ ಪಕ್ಕ ಚಾಪೆಯ ಮೇಲೆ ಕೂತರು. ಗಂಟಲು ಸರಿಮಾಡಿಕೊಂಡರು. ಆ ಗಂಟಲಿನಲ್ಲಿ ಎರಡು ವರ್ಷದಿಂದ ಸಿಕ್ಕಿಕೊಂಡಿದ್ದು ಕೊನೆಗೂ ಹೊರಗೆ ಬಂತು. "ತಪ್ಪು ಮಾಡ್ಬುಟ್ಟೆ ಕಣ್ಲಾ. ಆ ಅರ್ಜಿ ಆಗ್ಲೇ ವಾಪಸ್ ಬಂತು. ಆನೆ ನಂದಲ್ಲ."

"ಗೊತ್ತು."

"ಯಾರ್ ಹೇಳಿದ್ರು?"

ಆಫ್ತಾಬಣ್ಣ ಬಿಸ್ಮಿಲ್ಲಾಳನ್ನು ನೋಡಿದ. ಬಿಸ್ಮಿಲ್ಲಾ ನನ್ನನ್ನು ನೋಡಿದಳು. ನಾನು ಚಾವಣಿಯ ಹೆಂಚುಗಳನ್ನು ನೋಡಿದೆ. ಸೊಪ್ಪಿನ ಕುಕ್ಕೆಯಲ್ಲಿ ಒಬ್ಬಟ್ಟು ಒಂದೇ ಹೋಗುತ್ತಿತ್ತು ಎಂದು ನಾನು ಯಾವತ್ತೂ ಹೇಳಿಲ್ಲ.

"ಗೊತ್ತಿದ್ದೂ ಇಷ್ಟು ದಿನ ಯಾಕ್ಲಾ ಸಿಟ್ಟು?" ಎಂದರು ನಮ್ಮವರು.

"ಅರ್ಜಿ ಮನೆ ಹಾಳಾಗ." ಆಫ್ತಾಬಣ್ಣನ ಧ್ವನಿ ಒಡೆಯಿತು. "ಕೂಗೋದ್ನೇ ಬುಟ್ಬುಟ್ಯಲ್ಲೋ ನೀನು. ಸಂಜೆ ಆದ್ರೆ ಬಾಗ್ಲಲ್ಲಿ ಕೂತ್ಕತಿದ್ದೆ. ಇವತ್ತು ಕೂಗ್ತಾನೆ, ಇವತ್ತು ಕೂಗ್ತಾನೆ ಅಂತ."

ನಮ್ಮವರು ಅವನ ಕೈ ಹಿಡಿದುಕೊಂಡು ಕೂತರು. ಒಂದು ಕೈಗೆ ಮರದ ಪುಡಿ, ಇನ್ನೊಂದು ಕೈಗೆ ಅರಗು. ಬಿಸ್ಮಿಲ್ಲಾ ಅಳುತ್ತಾ ಒಳಗೆ ಹೋದಳು, ನಾನು ಅಳುತ್ತಾ ಅಲ್ಲೇ ನಿಂತೆ. ಶ್ರುತಿಗೂ ಅಳು ಬಂದಿತ್ತು, ಆದರೆ ಅವಳಿಗೆ ಬೆಳಗಿನ ರೈಲಿತ್ತು.

"ಮಾವ, ಆನೆ," ಎಂದಳು ಮೆಲ್ಲಗೆ.

ಇಬ್ಬರೂ ಧಡಕ್ಕನೆ ಎದ್ದರು. ಆಫ್ತಾಬಣ್ಣ ದಬ್ಬಳದ ತುದಿಯನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ, ತಾನು ಕೂರಿಸಿದ ಬಣ್ಣವನ್ನು ತಾನೇ ಬಿಡಿಸಿದ. ಪುಡಿಯ ಬಿರಡೆ ಚೂರುಚೂರಾಗಿ ಉದುರಿತು. ಒಳಗಿನ ಹತ್ತಿ ಕಂಡಾಗ ಶ್ರುತಿ ಉಸಿರು ಬಿಟ್ಟಳು. ತೂತಿನ ಸುತ್ತ ಅರಗು ಒಂದಿಷ್ಟು ಸೀಳು ಬಿಟ್ಟಿತ್ತು. ಅದನ್ನು ನೋಡಿ ಇಬ್ಬರು ಗಂಡಸರ ಮುಖವೂ ಸಪ್ಪಗಾಯಿತು.

"ತೂತು ಬುಟ್ಟು ಕಳ್ಸೋದಾ ಬಸವ?" ಎಂದ ಆಫ್ತಾಬಣ್ಣ. ಅವನ ಮನಸ್ಸು ಅದಕ್ಕೆ ಒಪ್ಪಲಿಲ್ಲ.

"ತಡಿ," ಎಂದು ನಮ್ಮವರು ಬೀದಿ ದಾಟಿ ಓಡಿದರು. ನಮ್ಮ ಲೇತು ಗುಂಯ್‌ಗುಟ್ಟಿದ್ದು ಇಲ್ಲಿಗೆ ಕೇಳಿಸಿತು. ಅಂಗಿಗುಂಡಿಯಷ್ಟು ಅಗಲದ, ಅಂಚು ಮಡಚಿದ ಒಂದು ಬಿರಡೆ ಕಡೆದು ತಂದರು. ಆಫ್ತಾಬಣ್ಣ ಅದಕ್ಕೆ ಹಳದಿ ಹತ್ತಿಸಿ ಗರಿಯಿಂದ ತೀಡಿದ. ಒತ್ತಿದರೆ ಟಪ್ ಎಂದು ಕೂತು ಸೀಳನ್ನೆಲ್ಲ ಮುಚ್ಚಿಕೊಂಡಿತು, ಉಗುರು ಕೊಟ್ಟು ಎಬ್ಬಿಸಿದರೆ ಬಿಟ್ಟುಕೊಂಡಿತು. ಟೀ ಹಿಡಿದು ಬಂದ ಬಿಸ್ಮಿಲ್ಲಾ ನೋಡಿ ನಕ್ಕುಬಿಟ್ಟಳು. "ಆನೆಗೆ ಹೊಕ್ಕುಳು!"

ಶ್ರುತಿ ಹೊಕ್ಕುಳು ತೆಗೆದು, ವೈರು ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ಏನೇನೋ ಒತ್ತಿದಳು. ನಾವು ನಾಲ್ವರೂ ಹೆರಿಗೆಮನೆಯ ಬಾಗಿಲಲ್ಲಿ ನಿಂತವರ ಹಾಗೆ ಕಾದೆವು. ಆಮೇಲೆ ಅವಳು ವೈರು ಕಿತ್ತು ಹೊಕ್ಕುಳು ಮುಚ್ಚಿ ಆನೆಯನ್ನು ಹೊಸ್ತಿಲ ಮೇಲೆ ನಿಲ್ಲಿಸಿದಳು.

"ಈಗ ಕರೀಬೇಕು ಮಾವ. ನೀವೇ ಕರೀರಿ."

"ಏನಂತ ಕರೀಲಿ?"

ಶ್ರುತಿ ನಾಚಿಕೊಂಡಳು. "ಯಾವ ಕರೆ ಕಲಿಸ್ಬೇಕು ಅಂತ ಆಫೀಸಲ್ಲಿ ಕೇಳಿದ್ರು. ನಾನು ಮದುವೆಯಾಗಿ ಬಂದಾಗ ಸ್ಟೇಷನ್ನಿಂದ ನಡ್ಕೊಂಡು ಬರುವಾಗ ಬೀದಿ ತುದೀಲೇ ಒಂದು ಕೂಗು ಕೇಳ್ತಿತ್ತು. ಅದು ಕೇಳಿದ್ರೆ ಮನೆ ಬಂತು ಅನ್ನಿಸ್ತಿತ್ತು. ಮದುವೆ ವಿಡಿಯೋದಲ್ಲೂ ಅದು ನಾಲ್ಕೈದು ಸಲ ಇದೆ. ಅದನ್ನೇ ಕಲಿಸಿದ್ದೀನಿ."

ನಮ್ಮವರಿಗೆ ಅರ್ಥವಾಯಿತು. ಎದ್ದು ಬೀದಿಗಿಳಿದು, ನಮ್ಮ ಜಗಲಿಯ ಮೇಲೆ ತಮ್ಮ ಮಾಮೂಲಿ ಜಾಗದಲ್ಲಿ ಹೋಗಿ ನಿಂತರು. ಹೊತ್ತು ಮುಳುಗುತ್ತಿತ್ತು. ಎರಡು ಸಲ ಬಾಯಿ ತೆರೆದು ಮುಚ್ಚಿದರು.

"ಬಾರ್ಲಾ!" ಎಂದರು. ಬೀದಿಗೆಲ್ಲ ಕೇಳಿಸಿತು. ಮೂಲೆಮನೆಯ ದೊಡ್ಡಲಕ್ಷ್ಮಮ್ಮ ಕಿಟಕಿ ತೆರೆದು ಇಣುಕಿದಳು.

ಆನೆಯ ಕಣ್ಣು ಎರಡೂ ಹೊತ್ತಿಕೊಂಡವು. ಆಫ್ತಾಬಣ್ಣ ಅದನ್ನು ನೋಡಲಿಲ್ಲ. ಅವನಾಗಲೇ ಲುಂಗಿ ಎತ್ತಿಕಟ್ಟಿ ಬೀದಿಯ ನಡುವೆ ಇದ್ದ.

"ಬಂದೆ ಕಣ್ಲಾ," ಎಂದ.

ಪ್ರದರ್ಶನ ಚೆನ್ನಾಗಿ ನಡೆಯಿತು ಎಂದು ಶ್ರುತಿ ಬಂದು ಹೇಳಿದಳು. ಒಬ್ಬರಿಗೊಬ್ಬರು ಚಿಪ್ಪು ಮಾರದ ಎರಡು ದೇಶದವರೂ ಇವಳ ಮೇಜಿನ ಮುಂದೆ ಸಾಲಾಗಿ ನಿಂತು, ನಾಲಿಗೆ ತಿರುಗಿಸಿ ತಿರುಗಿಸಿ, "ಬಾರ್ಲಾ" ಅಂದರಂತೆ. ಆನೆ ಇಬ್ಬರಿಗೂ ಕಣ್ಣು ಬಿಟ್ಟಿತಂತೆ. ಅದಕ್ಕೆ ಕೂಗುವವರ ಊರು ಕೇಳುವುದನ್ನು ಯಾರೂ ಕಲಿಸಿರಲಿಲ್ಲ.

"ಆಮೇಲೆ ಅವ್ರಿಬ್ರೂ ಟೀ ಕುಡುದ್ರಾ?" ಎಂದರು ನಮ್ಮವರು.

"ಗೊತ್ತಿಲ್ಲ ಮಾವ. ಅವರವ್ರ ಕಾರು ಹತ್ತಿ ಹೋದ್ರು."

"ಟೀ ಕುಡೀದಿದ್ರೆ ಏನ್ ಬಂತು?" ಎಂದು ಅವರು ಎದ್ದರು. ದೇಶಗಳ ಬಗ್ಗೆ ಅವರಿಗಿದ್ದ ಗೌರವ ಅವತ್ತೇ ಕಮ್ಮಿಯಾಯಿತು. ಟಿ.ವಿ. ನೋಡುವುದೂ ಕಮ್ಮಿಯಾಯಿತು.

ಹೊಕ್ಕುಳ ಆನೆಯ ಇನ್ನೊಂದು ಪ್ರತಿ ಮಾಡಿ ಗೂಟಕ್ಕೆ ನೇತುಹಾಕಿದ್ದಾರೆ. ಯಾರ ಮನೆಯ ಗೂಟ ಎಂದು ಒಂದು ಇಡೀ ಸಂಜೆ ಜಗಳವಾಡಿ, ಕೊನೆಗೆ ಆಫ್ತಾಬಣ್ಣನ ಅಪ್ಪನ ಗೂಟಕ್ಕೇ ಹಾಕಿದ್ದು. ನೂರೀನ್ ಮತ್ತು ಶ್ರುತಿ ಸೇರಿ ಅಳತೆಗಳನ್ನೂ ಒಳಗಿನ ಪಾಠವನ್ನೂ ನೆಟ್ಟಿನಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು. ಚೀನಾದವರು ಮಾಡಿದರೆ ಎಂದು ನಾನು ನಮ್ಮವರನ್ನು ಕೆಣಕಿದೆ. "ಮಾಡ್ಲಿ. ಮೊದ್ಲನೇದು ತಂದು ತೋರಿಸಿ ಟೀ ಕುಡುದು ಹೋಗ್ಲಿ," ಎಂದರು.

ಪ್ರದರ್ಶನಕ್ಕೆ ಹೋಗಿಬಂದ ಆನೆ ಈಗ ಆಫ್ತಾಬಣ್ಣನ ಕಿಟಕಿಯಲ್ಲಿದೆ. ಸಂಜೆ ಲೇತು ನಿಲ್ಲುತ್ತಿದ್ದಂತೆ ನಾನು ಟೀಗೆ ನೀರಿಡುತ್ತೇನೆ. ನಮ್ಮವರು ಜಗಲಿಗೆ ಬಂದು, "ಬಾರ್ಲಾ ಆಫ್ತಾಬ್," ಎನ್ನುತ್ತಾರೆ. ಮೊದಲು ಆನೆ ಕಣ್ಣು ಬಿಡುತ್ತದೆ. ಆಫ್ತಾಬಣ್ಣ ಬರುವುದು ಆಮೇಲೆ. ಅವನಿಗೆ ಮಂಡಿನೋವು.